ಪ್ರೊಜೆಕ್ಟರ್ ಬೆಳಕಿನಲ್ಲಿ ತೇಲುವ ಧೂಳಿನ ಕುರಿತು

ಹೋಮ್ ಥಿಯೇಟರ್ ಕೋಣೆಯನ್ನು ದಿನವೂ ಗುಡಿಸಿದರೂ ಪ್ರೊಜೆಕ್ಟರ್ ಬೆಳಕಿನಲ್ಲಿ ಧೂಳು ತೇಲುತ್ತದೆ, ಏರ್ ಪ್ಯೂರಿಫೈಯರ್ ಒಂದೇ ಸಾಕೇ ಎಂದು ತಾವು ಕೇಳಿದ್ದೀರಿ. ಸಾಲದು ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಕಾರ್ಪೆಟ್, ಪರದೆ ಹಾಗೂ ಬಟ್ಟೆ ಹೊದಿಸಿದ ಆಸನಗಳು ನೂಲೆಳೆಗಳನ್ನು ಉದುರಿಸುತ್ತಲೇ ಇರುತ್ತವೆ, ಒಣ ಪೊರಕೆಯಂತೂ ಸಣ್ಣ ಧೂಳನ್ನು ತೆಗೆಯುವ ಬದಲು ಗಾಳಿಗೆ ಎಬ್ಬಿಸುತ್ತದೆ. ಅದನ್ನು ಬಿಟ್ಟು, 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ. 99.97ರಷ್ಟನ್ನು ಹಿಡಿಯುವ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಕ್ಲೀನರನ್ನು ಆಸನಗಳಿಗೂ ಬಳಸಿ, ಉಳಿದೆಡೆ ಒದ್ದೆ ಬಟ್ಟೆಯಿಂದ ಒರೆಸಿ. ಪ್ಯೂರಿಫೈಯರ್ ಕೊಳ್ಳುವುದಾದರೆ ಕೋಣೆಯ ಗಾತ್ರಕ್ಕೆ ತಕ್ಕದ್ದನ್ನು ಆರಿಸಿ, ಚಿತ್ರಕ್ಕೆ ಮೊದಲೇ ಪೂರ್ಣ ವೇಗದಲ್ಲಿ ಓಡಿಸಿ, ಆಮೇಲೆ ಸದ್ದು ಕೇಳಿಸದಷ್ಟು ತಗ್ಗಿಸಬಹುದು. ಕತ್ತಲೆಯಲ್ಲಿ ಒಂದೆರಡು ಕಣಗಳು ಕಂಡೇ ಕಾಣುತ್ತವೆ, ಅದಕ್ಕೆ ಚಿಂತಿಸಬೇಕಿಲ್ಲ. ಪ್ರೊಜೆಕ್ಟರ್‌ಗೆ ಗಾಳಿಯ ಫಿಲ್ಟರ್ ಇದ್ದರೆ ಅದನ್ನು ಮಾತ್ರ ಕಾಲಕಾಲಕ್ಕೆ ಶುಚಿಗೊಳಿಸಿ.