ಶಾಲೆಯಲ್ಲಿ ಬಾಯಿ ಬಿಡದ ಹುಡುಗಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಆರು ವರ್ಷದ ಹುಡುಗಿ. ಮನೆಯಲ್ಲಿ ಮಾತಿನ ಮಲ್ಲಿ. ಶಾಲೆಗೆ ಸೇರಿ ಎಂಟು ತಿಂಗಳಾದರೂ ಅಲ್ಲಿ ತುಟಿ ಬಿಚ್ಚಿಲ್ಲ. "ಮೊಂಡು ಜಾಸ್ತಿ, ಬೇರೆ ಶಾಲೆ ನೋಡಿ" ಎಂದು ಶಾಲೆಯವರು ಡೈರಿಯಲ್ಲಿ ಬರೆದು ಕಳಿಸಿದ್ದರು.

ಅಂದು ನನ್ನ ಜೊತೆ ಮಕ್ಕಳ ಮನೋವೈದ್ಯಕೀಯ ಕಲಿಯುತ್ತಿದ್ದ ಕಿರಿಯ ವೈದ್ಯರೊಬ್ಬರಿದ್ದರು. ಮೊದಲು ನೀವೇ ಮಾತಾಡಿಸಿ ಎಂದೆ. "ಹೆಸರೇನು ಪುಟ್ಟಿ? ಯಾವ ಕ್ಲಾಸು? ಫ್ರೆಂಡ್ ಯಾರು?" ಎಲ್ಲಕ್ಕೂ ಅಮ್ಮನೇ ಉತ್ತರಿಸಿದರು. ಹುಡುಗಿ ಕಲ್ಲಿನಂತೆ ಕೂತಳು. ವೈದ್ಯರನ್ನು ಗದರಲು ಮನಸ್ಸಾಗಲಿಲ್ಲ. ಕಲಿಯುವಾಗ ನಾನೂ ಹೀಗೇ ಪ್ರಶ್ನೆ ಸುರಿಸಿದವಳು.

ನೆಲದ ಮೇಲೆ ಕೂತು ಬ್ಲಾಕ್ಸ್ ಜೋಡಿಸತೊಡಗಿದೆ. ಏನೂ ಕೇಳಲಿಲ್ಲ. "ಓ, ಕೆಂಪು ಬ್ಲಾಕು ಬೀಳಲೇ ಇಲ್ಲ" ಎಂದು ನನ್ನಷ್ಟಕ್ಕೆ ಹೇಳಿಕೊಂಡೆ. ಕಾಲು ಗಂಟೆಯಾದ ಮೇಲೆ ಅವಳೂ ಒಂದು ಇಟ್ಟಳು. ಆಮೇಲೆ ಅಮ್ಮನ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು.

ಕಿವಿ ಚೆನ್ನಾಗಿ ಕೇಳುತ್ತದೆ, ಶಾಲೆಯ ಭಾಷೆಯೂ ಬರುತ್ತದೆ ಎಂದು ಖಚಿತಪಡಿಸಿಕೊಂಡೆವು. ಹೊಸ ಶಾಲೆಯ ಮೊದಲ ತಿಂಗಳು ಸುಮ್ನಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇವಳದು ಎಂಟು ತಿಂಗಳು. ಇದು ಸೆಲೆಕ್ಟಿವ್ ಮ್ಯೂಟಿಸಂ, ಅಂದರೆ ಮನೆಯಂಥ ಕಡೆ ಚೆನ್ನಾಗಿ ಮಾತಾಡುವ ಮಗುವಿಗೆ ಶಾಲೆಯಂಥ ಕಡೆ ಮಾತೇ ಹೊರಡದಿರುವುದು. ಮೊದಲು ಇದನ್ನು 'ಎಲೆಕ್ಟಿವ್' ಎನ್ನುತ್ತಿದ್ದರು, ಅಂದರೆ ಮಗು ಬೇಕೆಂದೇ ಮಾತು ಬಿಟ್ಟಿದೆ ಎಂಬಂತೆ. ಮನೋವೈದ್ಯರು ಕಾಯಿಲೆ ಗುರುತಿಸಲು ಬಳಸುವ ಅಮೆರಿಕದ ಕೈಪಿಡಿ ಡಿಎಸ್‌ಎಂನ ನಾಲ್ಕನೇ ಆವೃತ್ತಿ, ಡಿಎಸ್‌ಎಂ-4, 1994ರಲ್ಲಿ ಆ ಹೆಸರು ಬಿಟ್ಟಿತು. 2013ರ ಡಿಎಸ್‌ಎಂ-5 ಇದನ್ನು ಆತಂಕದ ತೊಂದರೆಗಳ ಜೊತೆ ಸೇರಿಸಿತು. ಡೈರಿಗಳಿಗೆ ಮಾತ್ರ ಆ ಸುದ್ದಿ ಇನ್ನೂ ತಲುಪಿಲ್ಲ!

ತಂದೆತಾಯಿಗೆ ಹೇಳಿದ್ದು ಇಷ್ಟು. ಮಾತಾಡು ಎಂದು ದುಂಬಾಲು ಬೀಳಬೇಡಿ, ಮಾತಾಡಿದರೆ ಆಟಿಕೆ ಕೊಡಿಸ್ತೀನಿ ಎಂದು ಎಲ್ಲರೆದುರು ಪುಸಲಾಯಿಸಲೂ ಬೇಡಿ. ಯಾರಾದರೂ ಅವಳನ್ನು ಏನಾದರೂ ಕೇಳಿದರೆ ತಕ್ಷಣ ನೀವು ಬಾಯಿ ಹಾಕದೆ ಐದು ಸೆಕೆಂಡ್ ಕಾಯಿರಿ. ಕ್ಲಾಸ್ ಶುರುವಾಗುವ ಮುಂಚೆ ಖಾಲಿ ಕೋಣೆಯಲ್ಲಿ ಅಮ್ಮ, ಮಗಳು ಇಬ್ಬರೇ ಆಡಲಿ. ಅಲ್ಲಿ ಅವಳ ದನಿ ಹೊರಟ ಮೇಲೆ ಒಬ್ಬ ಗೆಳತಿ ಬರಲಿ. ಟೀಚರ್ ಮೊದಲು ಬಾಗಿಲ ಬಳಿ ನಿಂತು, ದಿನ ಕಳೆದಂತೆ ಹತ್ತಿರ ಬರಲಿ. ಓದು ಪರೀಕ್ಷಿಸಬೇಕಿದ್ದರೆ ಮನೆಯಲ್ಲಿ ರೆಕಾರ್ಡ್ ಮಾಡಿ ಕಳಿಸಿ.

ನನಗೆ ಜಾಸ್ತಿ ಕಾಡಿದ್ದು ಇನ್ನೊಂದು ಸಂಗತಿ. ಕೇಳಲಾಗದೆ ಅವಳು ಇಡೀ ದಿನ ಟಾಯ್ಲೆಟ್‌ಗೇ ಹೋಗುತ್ತಿರಲಿಲ್ಲ. ತೋರಿಸಲು ಒಂದು ಕಾರ್ಡ್ ಕೊಡಿ ಎಂದು ಟೀಚರ್‌ಗೆ ಫೋನ್ ಮಾಡಿದೆ. "ಒಬ್ಬಳಿಗೆ ಬೇರೆ ರೂಲ್ ಮಾಡಿದ್ರೆ ಉಳಿದವರು ಕೇಳಲ್ವಾ ಮೇಡಂ?" ಎಂದರು. ನ್ಯಾಯವಾದ ಪ್ರಶ್ನೆ ಅಲ್ವಾ? ಹಾಗಾದರೆ ಎಲ್ಲರಿಗೂ ಇಡಿ ಎಂದೆ. ಈಗ ಆ ಕಾರ್ಡನ್ನು ಇನ್ನೂ ನಾಲ್ಕು ಮಕ್ಕಳು ಬಳಸುತ್ತಾರಂತೆ. ಬಾಯಿ ಬಿಟ್ಟು ಕೇಳಲು ನಾಚುವವರು ಅವಳೊಬ್ಬಳೇ ಆಗಿರಲಿಲ್ಲ.

ಐದು ತಿಂಗಳಾಯಿತು. ಗೆಳತಿಯ ಜೊತೆ ಪಿಸುಮಾತು ನಡೆದಿದೆ, ಆಟದ ಮೈದಾನದಲ್ಲಿ ಒಮ್ಮೆ ಜೋರಾಗಿ ನಕ್ಕಳಂತೆ. ಟೀಚರ್ ಎದುರು ಇನ್ನೂ ಇಲ್ಲ. ಮುಂದಿನ ಭೇಟಿ ಮೂರು ವಾರಕ್ಕೆ.