ಮೊದಲು ಕಾಲುದಾರಿ, ಆಮೇಲೆ ಓಪನ್ ಜಿಮ್

ಬದಿಯಡ್ಕದ ಹತ್ತಿರದ ನಿಮ್ಮ ವಾರ್ಡಿಗೆ ಓಪನ್ ಜಿಮ್ ಕೇಳುವುದೋ ಕಾಲುದಾರಿ ಕೇಳುವುದೋ ಎಂದಿದ್ದೀರಿ. ಕಣ್ಣು ಮುಚ್ಚಿ ಕಾಲುದಾರಿ ಕೇಳಿ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷಗಳ ಬಿರುಸು ನಡಿಗೆಯಂಥ ಚಟುವಟಿಕೆ. ಹಾಲಿನ ಸೊಸೈಟಿಗೆ ಹೋಗಲು 15 ನಿಮಿಷ, ಬರಲು 15 ನಿಮಿಷವಾದರೆ ಐದೇ ದಿನದಲ್ಲಿ ಅದು ತುಂಬುತ್ತದೆ. ನನ್ನ ಅಮ್ಮ ಹಾಗೆಯೇ ನಡೆಯುತ್ತಿದ್ದರು. ಚರಂಡಿಯ ಮೇಲಿನ ಚಪ್ಪಡಿಯೊಂದು ಮುರಿದು, ಮಳೆನೀರಿನಡಿ ಗುಂಡಿ ಕಾಣದಾದ ಮೇಲೆ ಆಟೋ ಹತ್ತಿದರು. ಮತ್ತೆ ನಡೆಯಲೇ ಇಲ್ಲ. ಆ ಒಂದು ಚಪ್ಪಡಿಯನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ. ಶಾಲೆ, ಸೊಸೈಟಿ, ಬಸ್ ನಿಲ್ದಾಣಗಳನ್ನು ಸೇರಿಸುವ ದಾರಿಯನ್ನೇ ಗ್ರಾಮಸಭೆಯಲ್ಲಿ ಬರೆಸಿ. ನೆರಳಿನ ಮರ ಉಳಿಯಲಿ. ಬೀದಿದೀಪವನ್ನು ಮಾತ್ರ ಬಿಡಬೇಡಿ, ಸಂಜೆ ಹೆಂಗಸರು ನಡೆಯಲು ಹೊರಡುವುದು ಅದನ್ನು ನಂಬಿ.