ಗಡಿಯಾಚೆ ಅಗ್ಗ ಇದ್ದರೆ ನಮ್ಮ ಮನೆ ಖರ್ಚು ಇಳಿಯುತ್ತದಾ?

ನೀವು ಕೇಳಿದ್ದು ಇಷ್ಟು: "ಕಾಸರಗೋಡಿನವರಿಗೆ ಬೆಲೆ ಏರಿಕೆ ಅಷ್ಟೇನೂ ತಟ್ಟಲಿಕ್ಕಿಲ್ಲ ಅಲ್ವಾ? ಎರಡು ರಾಜ್ಯದ ಪೇಟೆ ಹತ್ತಿರ ಇದೆ. ಎಲ್ಲಿ ಅಗ್ಗವೋ ಅಲ್ಲಿ ತಂದರಾಯಿತು." ಬೆಂಗಳೂರಿನಲ್ಲಿರುವ ನಮ್ಮ ನೆಂಟರೂ ಇದನ್ನೇ ಹೇಳುತ್ತಾರೆ. ದೂರದಿಂದ ನೋಡಿದರೆ ಹಾಗೆ ಕಾಣುವುದು ಸಹಜ.

ನಾನು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಕರ್ನಾಟಕದ ಗಡಿಗೆ ತಾಗಿದ ಮಂಜೇಶ್ವರ ತಾಲೂಕಿನ ಒಳಗಿನ ಹಳ್ಳಿಯವಳು. ಮನೆಯ ಲೆಕ್ಕ ನೋಡುವುದು ನಾನೇ. ಗಡಿಯಾಚೆಯ ಅಗ್ಗ ಎಲ್ಲರ ಕೈಗೂ ಸಿಗುವುದಿಲ್ಲ. ಅದಕ್ಕೆ ಗಾಡಿ ಬೇಕು. ಒಟ್ಟಿಗೆ ನಾಲ್ಕೈದು ಸಾವಿರ ಕೈಯಲ್ಲಿರಬೇಕು. ಆ ಕಡೆ ಹೋಗಲಿಕ್ಕೆ ಬೇರೆ ಏನಾದರೂ ಕೆಲಸವೂ ಇರಬೇಕು. ಇವು ಇಲ್ಲದವರು ಹತ್ತಿರದ ಅಂಗಡಿಯಲ್ಲಿ ಜಾಸ್ತಿ ಕೊಟ್ಟೇ ತರುತ್ತಾರೆ. ಬಡವರಿಗೆ ಸಾಮಾನು ದುಬಾರಿ, ಇದ್ದವರಿಗೆ ಅಗ್ಗ. ಗಡಿಯಲ್ಲಿ ಇದು ಎದ್ದು ಕಾಣುತ್ತದೆ.

ಪೆಟ್ರೋಲನ್ನೇ ನೋಡಿ. ಗಡಿಯ ತಲಪಾಡಿ ದಾಟಿ ಕರ್ನಾಟಕಕ್ಕೆ ಕಾಲಿಟ್ಟ ಕೂಡಲೇ ಸಿಗುವ ಬಂಕ್‌ಗಳಲ್ಲಿ ಕೇರಳ ನಂಬರಿನ ಗಾಡಿಗಳು ಯಾವಾಗಲೂ ಇರುತ್ತವೆ. 2023ರ ಏಪ್ರಿಲ್‌ನಿಂದ ಕೇರಳ ಲೀಟರಿಗೆ 2 ರೂಪಾಯಿ ಸೆಸ್ ಹಾಕಿತು. ಆಗ ಎರಡು ಕಡೆಯ ಅಂತರ ಇನ್ನೂ ದೊಡ್ಡದಾಯಿತು. 2024ರ ಜೂನ್‌ನಲ್ಲಿ ಕರ್ನಾಟಕವೂ ತೆರಿಗೆ ಏರಿಸಿ, ಪೆಟ್ರೋಲಿಗೆ 3 ರೂಪಾಯಿ ಜಾಸ್ತಿ ಆಯಿತು. ಅಷ್ಟಾದರೂ ಆ ಕಡೆ ಲೀಟರಿಗೆ ನಾಲ್ಕೈದು ರೂಪಾಯಿ ಕಡಿಮೆಯೇ. ಡೀಸೆಲ್‌ನಲ್ಲಿ ಅಂತರ ಇನ್ನೂ ಜಾಸ್ತಿ.

ಈಗ ಸ್ಕೂಟರಿನ ಲೆಕ್ಕ ಹಾಕಿ. ಟ್ಯಾಂಕಿಗೆ 5 ಲೀಟರ್ ಹಾಕಿಸಿದರೆ ಉಳಿಯುವುದು ಇಪ್ಪತ್ತರಿಂದ ಇಪ್ಪತ್ತೈದು ರೂಪಾಯಿ. ಗಡಿ 15 ಕಿಲೋಮೀಟರ್ ದೂರ ಇದ್ದರೆ ಹೋಗಿ ಬರಲಿಕ್ಕೇ ಅರ್ಧ ಲೀಟರಿಗಿಂತ ಹೆಚ್ಚು ಸುಡುತ್ತದೆ. ಅಂದರೆ ಐವತ್ತು ಅರವತ್ತು ರೂಪಾಯಿ ಹೋಯಿತು. ಪೆಟ್ರೋಲ್ ಹಾಕಿಸಲಿಕ್ಕೆಂದೇ ಗಡಿ ದಾಟಿದರೆ ನಷ್ಟ. ದಿನಾ ಮಂಗಳೂರಿಗೆ ಕೆಲಸಕ್ಕೆ ಹೋಗುವವರಿಗೆ, ಲಾರಿ ಓಡಿಸುವವರಿಗೆ ಮಾತ್ರ ಇದರಿಂದ ನಿಜವಾದ ಲಾಭ. ಅವರಿಗೆ ಲಾಭ ಆಗಲಿ, ಬೇಡ ಎನ್ನುವುದಿಲ್ಲ. ಆದರೆ ಅದನ್ನು ನೋಡಿ "ಗಡಿನಾಡಿನವರು ಪುಣ್ಯವಂತರು" ಎನ್ನಬೇಡಿ.

ತೆಂಗಿನೆಣ್ಣೆ ವಿಚಾರ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಅಡುಗೆಮನೆಗೆ ಅತಿ ದೊಡ್ಡ ಪೆಟ್ಟು ಕೊಟ್ಟದ್ದು ಅದೇ.

2025ರಲ್ಲಿ ಹಲವು ತಿಂಗಳು ದೇಶದಲ್ಲೇ ಅತಿ ಹೆಚ್ಚು ಚಿಲ್ಲರೆ ಹಣದುಬ್ಬರ ಇದ್ದದ್ದು ಕೇರಳದಲ್ಲಿ. ಆ ಸೆಪ್ಟೆಂಬರ್‌ನಲ್ಲಿ ಇಡೀ ದೇಶದ ಲೆಕ್ಕ ಶೇ 1.5ರ ಆಸುಪಾಸಿನಲ್ಲಿದ್ದರೆ ಕೇರಳದ್ದು ಶೇ 9 ದಾಟಿತ್ತು. ಟಿವಿಯಲ್ಲಿ ಬೆಲೆ ಏರಿಕೆ ತಗ್ಗಿದೆ ಎಂದು ಹೇಳುವಾಗ ನಮ್ಮ ಅಂಗಡಿ ಚೀಟಿ ಮಾತ್ರ ಉದ್ದ ಆಗುತ್ತಿತ್ತು. ಇದಕ್ಕೆ ಮುಖ್ಯ ಕಾರಣ ತೆಂಗಿನೆಣ್ಣೆ ಮತ್ತು ಚಿನ್ನ. ಎಣ್ಣೆಯ ಬೆಲೆ ಒಂದು ವರ್ಷದಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಗಿ, 2025ರ ಮಳೆಗಾಲದಲ್ಲಿ ಕಿಲೋಗೆ 400 ರೂಪಾಯಿ ದಾಟಿತು.

ಬೇರೆ ಊರಿನವರಿಗೆ ಅಡುಗೆ ಎಣ್ಣೆ ಎಂದರೆ ಯಾವುದಾದರೂ ಆಗುತ್ತದೆ. ನಮಗೆ ಹಾಗಲ್ಲ. ಒಗ್ಗರಣೆಗೆ, ಹಪ್ಪಳ ಕರಿಯಲಿಕ್ಕೆ, ಮೀನು ಹುರಿಯಲಿಕ್ಕೆ, ತಲೆಗೆ ಹಚ್ಚಲಿಕ್ಕೆ, ದೇವರ ದೀಪಕ್ಕೆ, ಎಲ್ಲದಕ್ಕೂ ತೆಂಗಿನೆಣ್ಣೆಯೇ. ಬೆಲೆ ಏರಿದ ಮೇಲೆ ಕರಿಯಲಿಕ್ಕೆ ತಾಳೆ ಎಣ್ಣೆ ಬಂತು. ತೆಂಗಿನೆಣ್ಣೆ ಒಗ್ಗರಣೆಗೆ ಮತ್ತು ತಲೆಗೆ ಮಾತ್ರ. ಹಪ್ಪಳ ಕರಿಯುವುದು ನಿಂತು ಕೆಂಡದಲ್ಲಿ ಸುಡುವುದು ಶುರುವಾಯಿತು. ಮೇಲಾರ ಎಂಬ ಮಜ್ಜಿಗೆ ಪದಾರ್ಥಕ್ಕೆ ಅರ್ಧ ಕಾಯಿ ಅರೆಯುತ್ತಿದ್ದ ಕಡೆ ಕಾಲು ಕಾಯಿಗೆ ಬಂತು, ವಾರದಲ್ಲಿ ಹೆಚ್ಚು ದಿನ ಬೇಳೆ ಸಾರು ಆಯಿತು. ಮಕ್ಕಳು ಕೇಳಲಿಲ್ಲ. ಅತ್ತೆಯವರು ಒಂದು ತುತ್ತು ಉಂಡವರೇ "ಕಾಯಿ ಹಾಕಿದ್ದೀಯಾ?" ಎಂದು ಕೇಳಿದರು. ಎಂಬತ್ತು ದಾಟಿದವರಿಗೆ ರುಚಿ ಬದಲಾಯಿಸಿಕೊಳ್ಳಿ ಎಂದು ಹೇಗೆ ಹೇಳುವುದು? ಅವರ ಬಟ್ಟಲಿಗೆ ಬೇರೆಯೇ ಸ್ವಲ್ಪ ಕಾಯಿ ಅರೆದು ಬೆರೆಸುತ್ತೇನೆ.

ಬೇರೆ ಎಣ್ಣೆಯಾದರೂ ಅಗ್ಗವೇ ಎಂದರೆ ಅದೂ ಇಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆಮದು ಸುಂಕ ಏರಿಸಿದಾಗ ತಾಳೆ, ಸೂರ್ಯಕಾಂತಿ ಎಣ್ಣೆಗಳೂ ಮೇಲೆ ಹೋದವು. 2025ರ ಮೇ ಕೊನೆಗೆ ಕಚ್ಚಾ ಎಣ್ಣೆಯ ಮೂಲ ಸುಂಕವನ್ನು ಶೇ 20ರಿಂದ 10ಕ್ಕೆ ಇಳಿಸಿದರು. ಅದು ನಮ್ಮ ಅಂಗಡಿಯ ಪ್ಯಾಕೆಟಿಗೆ ಇಳಿದು ಬರಲಿಕ್ಕೆ ಸಮಯ ಹಿಡಿಯಿತು.

"ನಿಮಗೆ ತೋಟ ಇದೆಯಲ್ಲ, ತೆಂಗಿನಕಾಯಿಗೆ ಬೆಲೆ ಬಂದರೆ ಒಳ್ಳೆಯದೇ ತಾನೇ?" ಎಂದು ನೀವು ಕೇಳಬಹುದು. ದೊಡ್ಡ ತೋಟದವರಿಗೆ ಒಳ್ಳೆಯದೇ ಆಯಿತು. ಆದರೆ ಬೆಲೆ ಏರಿದ್ದೇ ಕಾಯಿ ಕಡಿಮೆ ಆದ ಕಾರಣ. ಬಿಸಿಲು ಜಾಸ್ತಿ, ಬಿಳಿನೊಣದ ಕಾಟ, ರೋಗ. ಗೊಬ್ಬರವೂ ಅಗ್ಗ ಇಲ್ಲ. ಮರ ಹತ್ತುವವರು ಸಿಗುವುದೇ ಕಷ್ಟ. ದೇಶದಲ್ಲೇ ಹೆಚ್ಚು ಕೂಲಿ ಇರುವ ರಾಜ್ಯ ಕೇರಳ. ಕೆಲಸ ಮಾಡುವವರಿಗೆ ಅದು ಸಿಗಲೇಬೇಕು. ಹತ್ತಿಪ್ಪತ್ತು ಮರ ಇರುವ ಮನೆಯವರಿಗೆ ಕೂಲಿ ಕೊಟ್ಟು ಕಾಯಿ ತೆಗೆಸಿದರೆ ಉಳಿಯುವುದು ಮನೆಯ ಬಳಕೆಗಷ್ಟೇ. ತೆಂಗಿನ ಮರ ಇದ್ದೂ ಎಣ್ಣೆಗೆ ಅಂಗಡಿಗೆ ಹೋಗುವ ಮನೆಗಳು ನಮ್ಮ ಸುತ್ತ ತುಂಬಾ ಇವೆ.

ನೆರೆಮನೆಯ ಅಕ್ಕ ಬೀಡಿ ಕಟ್ಟುತ್ತಾರೆ. ಗಡಿಯ ಎರಡು ಕಡೆಯೂ ಎಷ್ಟೋ ಹೆಂಗಸರ ಸಂಸಾರ ನಿಂತಿರುವುದು ಈ ಕೆಲಸದ ಮೇಲೆ. ಮೊರ ಮಡಿಲಲ್ಲಿ ಇಟ್ಟುಕೊಂಡು ಕೂತರೆ ಮಧ್ಯಾಹ್ನದವರೆಗೆ ಬೆನ್ನು ಎತ್ತುವುದಿಲ್ಲ. ಕಟ್ಟಿದ್ದನ್ನು ಬೀಡಿ ಕಂಪೆನಿಯ ಬ್ರಾಂಚಿಗೆ ಕೊಟ್ಟು, ಎಲೆ, ಹೊಗೆಸೊಪ್ಪು ತರುವುದು. ಕೂಲಿ ಸಾವಿರ ಬೀಡಿಗೆ ಇಷ್ಟು ಎಂದು. ಕೇರಳದ ಜಾಸ್ತಿ ಕೂಲಿ ಎಂದು ಈಗಷ್ಟೇ ಹೇಳಿದೆನಲ್ಲ, ಅದು ಇವರ ಮೊರದವರೆಗೆ ಬಂದಿಲ್ಲ.

ಅವರು ಎಣ್ಣೆಯನ್ನು ಲೀಟರ್ ಲೆಕ್ಕದಲ್ಲಿ ತರುವುದೇ ಇಲ್ಲ. ಸಣ್ಣ ಪ್ಯಾಕೆಟ್ ತರುತ್ತಾರೆ. ಬೇಳೆ ಕಾಲು ಕಿಲೋ. ಸೋಪು, ಶಾಂಪೂ ಕೂಡ ಸಣ್ಣದೇ. ಸಣ್ಣ ಪ್ಯಾಕೆಟ್ಟಿನಲ್ಲಿ ತಂದರೆ ಗ್ರಾಂ ಲೆಕ್ಕಕ್ಕೆ ಎಷ್ಟೋ ಸಲ ಜಾಸ್ತಿಯೇ ಬೀಳುತ್ತದೆ ಎಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಒಮ್ಮೆ ನಾನು ಹೇಳಿದೆ, "ಅಕ್ಕಾ, ಮಂಗಳೂರಿನಲ್ಲಿ ಒಟ್ಟಿಗೆ ತಂದರೆ ಕಡಿಮೆ ಆಗುತ್ತದಲ್ಲ?" ಅವರು ಕೈ ನಿಲ್ಲಿಸದೆ ಹೇಳಿದರು, "ಹೌದು ಮಾರಾಯ್ತಿ. ಬಸ್ಸಿನ ಚಾರ್ಜು ಯಾರು ಕೊಡುತ್ತಾರೆ? ಆ ದಿನದ ಬೀಡಿ ಯಾರು ಕಟ್ಟುತ್ತಾರೆ?"

ಅವರ ಮಾತು ಸರಿ. ಕೇರಳದಲ್ಲಿ 2022ರ ಮೇ ತಿಂಗಳಿಂದ ಬಸ್ಸಿನ ಕನಿಷ್ಠ ದರ 8ರಿಂದ 10 ರೂಪಾಯಿ ಆಯಿತು, ಆಟೋದ್ದು 30. ಕರ್ನಾಟಕದ ಸರ್ಕಾರಿ ಬಸ್ಸುಗಳು 2025ರ ಜನವರಿಯಲ್ಲಿ ಶೇ 15 ಏರಿಸಿದವು. ಕಾಸರಗೋಡು ಮಂಗಳೂರು ದಾರಿಯಲ್ಲಿ ಎರಡೂ ರಾಜ್ಯದ ಬಸ್ಸು ಓಡುತ್ತದೆ. ಹಾಗಾಗಿ ಯಾವ ಕಡೆ ಏರಿಸಿದರೂ ನಮಗೆ ತಟ್ಟುತ್ತದೆ.

ಸರ್ಕಾರದ ನೆರವಿನ ವಿಷಯದಲ್ಲಿ ಹೊರಗಿನವರಿಗೆ ಸುಲಭವಾಗಿ ತಿಳಿಯದ ಸಂಗತಿ ಒಂದಿದೆ. ಬೆಲೆ ಗಡಿ ದಾಟಿ ಬರುತ್ತದೆ, ನೆರವು ದಾಟುವುದಿಲ್ಲ. ನನ್ನ ತಂಗಿಯನ್ನು ಕರ್ನಾಟಕದ ಬಂಟ್ವಾಳದ ಕಡೆಗೆ ಮದುವೆ ಮಾಡಿ ಕೊಟ್ಟಿದೆ. ಅವಳಿಗೆ ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತದೆ. ಗೃಹಜ್ಯೋತಿಯಿಂದ ಕರೆಂಟ್ ಬಿಲ್ಲಿನ ಚಿಂತೆ ಇಲ್ಲ. ಸರ್ಕಾರಿ ಬಸ್ಸು ಸಿಕ್ಕಿದರೆ ಟಿಕೆಟ್ಟಿಗೆ ದುಡ್ಡು ಬೇಡ. ನಾವಿಬ್ಬರೂ ಒಂದೇ ಮನೆಯಲ್ಲಿ ಬೆಳೆದವರು, ಆಡುವುದು ಒಂದೇ ಭಾಷೆ. ನಮ್ಮಲ್ಲಿ ಕರೆಂಟ್ ಬಿಲ್ಲು ಎರಡು ತಿಂಗಳಿಗೊಮ್ಮೆ ಬರುತ್ತದೆ. 2024ರ ಡಿಸೆಂಬರ್‌ನಲ್ಲಿ ಯೂನಿಟ್ಟಿಗೆ 16 ಪೈಸೆ, 2025ರ ಏಪ್ರಿಲ್‌ನಲ್ಲಿ ಮತ್ತೆ 12 ಪೈಸೆ ಜಾಸ್ತಿ ಮಾಡಿದರು. ಪೈಸೆ ಲೆಕ್ಕದಲ್ಲಿ ಸಣ್ಣದು ಅನಿಸಬಹುದು. ಎರಡು ತಿಂಗಳದ್ದು ಒಟ್ಟಿಗೆ ಬರುವಾಗ ಆ ತಿಂಗಳ ಬೇರೆ ಯಾವುದೋ ಖರ್ಚನ್ನು ಮುಂದಕ್ಕೆ ಹಾಕಲೇಬೇಕಾಗುತ್ತದೆ.

ಹಾಗೆಂದು ಕೇರಳ ಏನೂ ಕೊಡುವುದಿಲ್ಲ ಎಂದರೆ ಸುಳ್ಳಾಗುತ್ತದೆ. ಇಲ್ಲಿಯ ರೇಷನ್ ವ್ಯವಸ್ಥೆ ಗಟ್ಟಿ. ಹಳದಿ, ಗುಲಾಬಿ, ನೀಲಿ, ಬಿಳಿ ಎಂದು ನಾಲ್ಕು ಬಣ್ಣದ ಕಾರ್ಡು. ಅತ್ತೆಯವರಿಗೆ ಪೆನ್ಷನ್ ಬರುತ್ತದೆ. 1,600 ಇದ್ದದ್ದನ್ನು 2025ರ ನವೆಂಬರ್‌ನಿಂದ 2,000 ಮಾಡಿದರು. ಮಾವೇಲಿ ಸ್ಟೋರ್ ಎಂದು ನಾವು ಕರೆಯುವ, ಕೇರಳ ಸರ್ಕಾರದ ಸಪ್ಲೈಕೋ ಅಂಗಡಿಗಳಲ್ಲಿ 13 ಬಗೆಯ ಸಾಮಾನಿಗೆ ಸಬ್ಸಿಡಿ ಇದೆ. ಅಕ್ಕಿ, ಹೆಸರು, ಉದ್ದು, ತೊಗರಿಬೇಳೆ, ಮೆಣಸು, ಕೊತ್ತಂಬರಿ, ಸಕ್ಕರೆ, ತೆಂಗಿನೆಣ್ಣೆ ಎಲ್ಲ ಅದರಲ್ಲಿ ಬರುತ್ತದೆ. ಹಲವು ವರ್ಷ ಏರಿಸದೆ ಇಟ್ಟಿದ್ದ ಈ ದರವನ್ನು 2024ರ ಫೆಬ್ರವರಿಯಲ್ಲಿ ಬದಲಾಯಿಸಿ, ಮಾರುಕಟ್ಟೆಗಿಂತ ಶೇ 35 ಕಡಿಮೆ ಎಂಬ ಲೆಕ್ಕಕ್ಕೆ ತಂದರು. ಅಂದರೆ ಮಾರುಕಟ್ಟೆಯಲ್ಲಿ ಏರಿದರೆ ಇಲ್ಲೂ ಏರುತ್ತದೆ. ಆದರೂ ಈ ಅಂಗಡಿಗಳು ಇಲ್ಲದಿದ್ದರೆ ಬೀಡಿ ಕಟ್ಟುವ ಮನೆಗಳ ಗತಿ ಏನು ಎಂದು ಯೋಚಿಸಲಿಕ್ಕೂ ಕಷ್ಟ.

ಹಾಲಿನಲ್ಲಿ ಗಡಿಯಿಂದ ಸ್ವಲ್ಪ ಅನುಕೂಲ ಇದೆ. ಕೇರಳದ ಹಾಲು ಸಹಕಾರಿ ಮಿಲ್ಮಾ 2022ರ ಡಿಸೆಂಬರ್‌ನಲ್ಲಿ ಲೀಟರಿಗೆ 6 ರೂಪಾಯಿ ಏರಿಸಿತ್ತು. ಕರ್ನಾಟಕದ ನಂದಿನಿಯೂ 2025ರ ಏಪ್ರಿಲ್‌ನಲ್ಲಿ 4 ರೂಪಾಯಿ ಏರಿಸಿತು. ಆದರೂ ಅದೇ ಅಗ್ಗ, ಮತ್ತು ಅದು ನಮ್ಮ ಪೇಟೆಯವರೆಗೆ ಬರುತ್ತದೆ. ಇಂಥದ್ದು ಮಾತ್ರ ಬಡವರಿಗೂ ಸಿಗುವ ಗಡಿಯ ಲಾಭ, ಯಾಕೆಂದರೆ ಇಲ್ಲಿ ಸಾಮಾನೇ ಗಡಿ ದಾಟುತ್ತದೆ, ಕೊಳ್ಳುವವರು ದಾಟಬೇಕಿಲ್ಲ. ತರಕಾರಿಯೂ ಹಾಗೇ, ಹೆಚ್ಚಿನದು ಮಂಗಳೂರಿನ ಮೂಲಕ ಕರ್ನಾಟಕದಿಂದಲೇ ಬರುತ್ತದೆ. 2020ರ ಮಾರ್ಚ್‌ನಲ್ಲಿ ರಸ್ತೆಗೆ ಮಣ್ಣು ಹಾಕಿ ಗಡಿ ಮುಚ್ಚಿದಾಗ ನಾವು ಅದನ್ನು ಎಷ್ಟು ನಂಬಿದ್ದೇವೆ ಎಂದು ಗೊತ್ತಾಯಿತು. ಆಸ್ಪತ್ರೆಗೆ ಹೋಗಲಾಗದೆ ಜನ ಸತ್ತದ್ದೂ ಆಗಲೇ.

ಆಸ್ಪತ್ರೆ ಖರ್ಚಿನ ಮಾತು ಬಂದರೆ ಉಳಿದದ್ದೆಲ್ಲ ಸಣ್ಣದು. ದೊಡ್ಡ ಕಾಯಿಲೆಗೆ ಇಂದಿಗೂ ನಾವು ಓಡುವುದು ಮಂಗಳೂರಿಗೆ, ಅದರ ಹತ್ತಿರದ ದೇರಳಕಟ್ಟೆಯ ಆಸ್ಪತ್ರೆಗಳಿಗೆ. ಔಷಧಿಯ ಬಿಲ್ಲು ಒಂದು ಕಡೆ. ಜೊತೆಗೆ ಹೋದವರ ಊಟ, ಬಾಡಿಗೆ ಗಾಡಿ, ತಲಪಾಡಿಯ ಟೋಲ್, ಕಳೆದುಹೋದ ಕೂಲಿ ಬೇರೆ. ಎಣ್ಣೆಯಲ್ಲಿ, ಮೀನಿನಲ್ಲಿ ಉಳಿಸಿದ್ದು ಒಂದು ಸಲ ಆಸ್ಪತ್ರೆಗೆ ಹೋಗಿ ಬಂದರೆ ಮುಗಿಯಿತು.

ಮೀನಿನಲ್ಲಿ ಉಳಿಸುವುದೆಂದರೆ ಬಂಗುಡೆ ಬಿಟ್ಟು ಬೂತಾಯಿ ತರುವುದು, ಅದೂ ಏರಿದರೆ ಒಣಮೀನು. ಜೂನ್ 9ರ ರಾತ್ರಿಯಿಂದ ಜುಲೈ ಕೊನೆಯವರೆಗೆ ಕೇರಳದಲ್ಲಿ ಟ್ರಾಲಿಂಗ್ ನಿಷೇಧ. ಆ ಹೊತ್ತಿಗೆ ಕರ್ನಾಟಕದಲ್ಲೂ ನಿಷೇಧ ಇರುತ್ತದೆ. ಆಗ ಯಾವ ಕಡೆ ಹೋದರೂ ದುಬಾರಿಯೇ.

ಎಲ್ಲರ ಮನೆಯಲ್ಲೂ ಇದೇ ಕಥೆ ಎಂದು ತಿಳಿಯಬೇಡಿ. ಗಲ್ಫಿನಲ್ಲಿ ಮಗ ಇರುವ ಮನೆಗೆ ರೂಪಾಯಿ ಕುಸಿದಷ್ಟೂ ಜಾಸ್ತಿ ದುಡ್ಡು ಬರುತ್ತದೆ. 2025ರ ಡಿಸೆಂಬರ್‌ನಲ್ಲಿ ಡಾಲರಿಗೆ 90 ರೂಪಾಯಿ ದಾಟಿದಾಗ ಅಂಥ ಮನೆಗಳು ಸ್ವಲ್ಪ ಉಸಿರು ಬಿಟ್ಟವು. ಆದರೆ ಅದೇ ತಿಂಗಳು ಒಂದು ಪವನ್ (8 ಗ್ರಾಂ) ಚಿನ್ನ ಒಂದು ಲಕ್ಷ ರೂಪಾಯಿ ದಾಟಿತು. ಆ ವರ್ಷದ ಆರಂಭದಲ್ಲಿ ಅದು 57,000ದ ಆಸುಪಾಸಿನಲ್ಲಿತ್ತು. ಮಗಳ ಮದುವೆಗೆಂದು ಕುಟುಂಬಶ್ರೀ ಎಂಬ ಹೆಂಗಸರ ಉಳಿತಾಯ ಗುಂಪಿನಲ್ಲಿ, ಚಿಟ್‌ಫಂಡಿನಲ್ಲಿ ಕೂಡಿಡುತ್ತಿದ್ದ ಹೆಂಗಸರು ಕೂಡಿಡುವ ವೇಗಕ್ಕಿಂತ ಚಿನ್ನ ವೇಗವಾಗಿ ಓಡಿತು. ನಮ್ಮ ಗುಂಪಿನಲ್ಲಿ ಈಗ "ಎಷ್ಟು ಪವನ್?" ಎಂದು ಕೇಳುವುದನ್ನೇ ಬಿಟ್ಟಿದ್ದಾರೆ. ಅದೊಂದು ಮಾತ್ರ ನನಗೆ ಸಮಾಧಾನ ಕೊಟ್ಟ ಬದಲಾವಣೆ.

ಹಾಗಾದರೆ ಹೇಗೆ ನಿಭಾಯಿಸುತ್ತೀರಿ ಎಂದು ನೀವು ಕೇಳಬಹುದು. ನಮ್ಮ ಕಡೆ ಒಂದು ರೂಢಿ ಇದೆ. ಆಸ್ಪತ್ರೆಗೋ ಕಾಲೇಜಿಗೋ ಯಾರಾದರೂ ಕಾರಿನಲ್ಲಿ ಮಂಗಳೂರಿಗೆ ಹೋಗುವುದಿದ್ದರೆ ಹಿಂದಿನ ರಾತ್ರಿ ಸುತ್ತಲಿನ ಮನೆಗಳಿಗೆ ಹೇಳುತ್ತಾರೆ. ಚೀಟಿ, ದುಡ್ಡು ಬರುತ್ತದೆ. ಅಕ್ಕಿ ಮೂಟೆ ಒಂದು ತಂದು ಮೂರು ಮನೆ ಹಂಚಿಕೊಳ್ಳುತ್ತೇವೆ. ನೆರೆಯ ಅಕ್ಕನ ಚೀಟಿಯೂ ಅದರಲ್ಲಿ ಇರುತ್ತದೆ. ದುಡ್ಡು ಆಮೇಲೆ ಕೊಟ್ಟರೂ ನಡೆಯುತ್ತದೆ.

ಇನ್ನೊಂದು ಆಗಬೇಕು. ಸಬ್ಸಿಡಿ ಸಾಮಾನು ಬಂತು, ಕಾರ್ಡಿಗೆ ಎಷ್ಟು ಸಿಗುತ್ತದೆ, ಯಾವ ದಿನ ಕೊನೆ, ಇಂಥ ಸೂಚನೆಗಳು ಹೆಚ್ಚಾಗಿ ಮಲಯಾಳದಲ್ಲೇ ಬರುತ್ತವೆ. ಮಕ್ಕಳು ಓದುತ್ತಾರೆ. ಕನ್ನಡ ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೆ ಬಿಟ್ಟ ಅಕ್ಕನಿಗೆ ಓದಲು ಬಾರದು. ಸಾಮಾನು ಮುಗಿದ ಮೇಲೆ ಅವರಿಗೆ ಸುದ್ದಿ ಸಿಗುತ್ತದೆ, ಆಮೇಲೆ ಹತ್ತಿರದ ಅಂಗಡಿಯಲ್ಲಿ ಪೂರ್ತಿ ಬೆಲೆ. ಇಲ್ಲಿಯ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರು ಎಂದು ಸರ್ಕಾರವೇ ಒಪ್ಪಿದೆ. ದರದ ಹಲಗೆಯ ಮೇಲೆ ಕನ್ನಡದಲ್ಲೂ ನಾಲ್ಕು ಸಾಲು ಬರೆಯಲಿಕ್ಕೆ ಹೊಸ ಯೋಜನೆ ಬೇಡ, ಹೆಚ್ಚು ಖರ್ಚೂ ಇಲ್ಲ. ನಮ್ಮ ಗುಂಪಿನಿಂದ ಪಂಚಾಯತ್‌ಗೆ ಅರ್ಜಿ ಬರೆಯುತ್ತಿದ್ದೇವೆ, ಕನ್ನಡದಲ್ಲೇ.